ಎಲ್ಲಿಸ್ ದ್ವೀಪ: ಸೀಮೆಸುಣ್ಣದ ಗುರುತು, ಎರಡು ನಿಮಿಷದ ವಿಚಾರಣೆ

ನ್ಯೂಯಾರ್ಕ್ ಬಂದರಿನ ಎಲ್ಲಿಸ್ ದ್ವೀಪ ಇದು, ವಲಸೆ ಬಂದವರ ತಪಾಸಣೆ ನಡೆಯುತ್ತಿದ್ದ ಜಾಗ. 1892ರಿಂದ 1954ರವರೆಗೆ ಸುಮಾರು 1.2 ಕೋಟಿ ಜನ ಅಮೆರಿಕಕ್ಕೆ ಕಾಲಿಟ್ಟದ್ದು ಇಲ್ಲಿಂದ. ಫಸ್ಟ್ ಕ್ಲಾಸ್, ಸೆಕೆಂಡ್ ಕ್ಲಾಸ್‌ನವರ ತಪಾಸಣೆ ಹಡಗಿನಲ್ಲೇ ಮುಗಿಯುತ್ತಿತ್ತು. ದೋಣಿ ಹತ್ತಿಸಿ ಇಲ್ಲಿಗೆ ಕರೆತರುತ್ತಿದ್ದುದು ಹಡಗಿನ ತಳದಲ್ಲಿ, ಅಗ್ಗದ ಟಿಕೆಟ್‌ನಲ್ಲಿ ಬಂದವರನ್ನೇ ಹೆಚ್ಚಾಗಿ.

ಕೆಳಗೆ ಸಾಮಾನಿನ ಕೋಣೆ, ಮಹಡಿಯಲ್ಲಿ ದೊಡ್ಡ ಹಾಲ್. ನಡುವಿನ ಮೆಟ್ಟಿಲನ್ನು ಜನ ಗಂಟುಮೂಟೆ ಹೊತ್ತು ಹತ್ತುತ್ತಿದ್ದರು. ಪರೀಕ್ಷೆ ಅಲ್ಲೇ ಶುರುವಾಗಿರುತ್ತಿತ್ತು, ಅವರಿಗೆ ಗೊತ್ತಿರುತ್ತಿರಲಿಲ್ಲ ಅಷ್ಟೇ. ಯಾರಿಗೆ ಏದುಸಿರು, ಯಾರು ಕುಂಟುತ್ತಾರೆ ಎಂದು ವೈದ್ಯರು ಕಣ್ಣಿಟ್ಟಿರುತ್ತಿದ್ದರು. ಒಬ್ಬೊಬ್ಬರಿಗೆ ಸಿಗುತ್ತಿದ್ದುದು ಐದಾರು ಸೆಕೆಂಡು. ಅನುಮಾನ ಬಂದರೆ ಕೋಟಿನ ಮೇಲೆ ಸೀಮೆಸುಣ್ಣದ ಗುರುತು: ಹೃದಯಕ್ಕೆ ‘ಎಚ್’, ಕುಂಟಿಗೆ ‘ಎಲ್’, ಕಣ್ಣಿಗೆ ‘ಇ’, ಬುದ್ಧಿಯ ಮೇಲೆ ಸಂಶಯವಿದ್ದರೆ ‘ಎಕ್ಸ್’. ಕೋಟನ್ನು ಒಳಮಗ್ಗುಲು ಹೊರಗೆ ಮಾಡಿ ಹಾಕಿಕೊಂಡು ದಾಟಿಹೋದ ಜಾಣರೂ ಇದ್ದರಂತೆ.

ಎಲ್ಲರೂ ನಡುಗುತ್ತಿದ್ದುದು ಕಣ್ಣಿನ ವೈದ್ಯರಿಗೆ. ಬೆರಳಿನಿಂದಲೋ, ಬೂಟಿನ ಗುಂಡಿ ಹಾಕುವ ಕೊಕ್ಕೆಯಿಂದಲೋ ಮೇಲಿನ ರೆಪ್ಪೆಯನ್ನು ಮಗುಚಿ ಒಳಗೆ ಟ್ರಕೋಮಾ ಎಂಬ ಕಣ್ಣಿನ ರೋಗದ ಕಾಳುಕಾಳು ಗುಳ್ಳೆ ಇದೆಯೇ ಎಂದು ನೋಡುತ್ತಿದ್ದರು. ಆಗ ಅದಕ್ಕೆ ಖಚಿತ ಮದ್ದಿರಲಿಲ್ಲ, ಕಣ್ಣೇ ಹೋಗಬಹುದಿತ್ತು, ಒಬ್ಬರಿಂದೊಬ್ಬರಿಗೆ ಅಂಟುತ್ತಿತ್ತು. ಕೊಕ್ಕೆಯನ್ನು ಸರಿಯಾಗಿ ತೊಳೆಯದೆ ಮುಂದಿನವರ ಕಣ್ಣಿಗೆ ಹಾಕಿದರೆ ರೋಗ ಹರಡುವುದು ಪರೀಕ್ಷೆಯಿಂದಲೇ! ಟ್ರಕೋಮಾ ಎಂದು ಬರೆದುಕೊಟ್ಟರೆ ಸಾಮಾನ್ಯವಾಗಿ ವಾಪಸ್ ಹಡಗೇ ಗತಿ. ಸಣ್ಣ ಮಗುವಿಗೆ ಬಂದಿದ್ದರೆ ಅಪ್ಪನೋ ಅಮ್ಮನೋ ಜೊತೆಗೆ ಹೊರಡಬೇಕು.

ಒಂದು ಸೂಕ್ಷ್ಮ ಇದೆ. ವೈದ್ಯರು ಸರ್ಟಿಫಿಕೇಟ್ ಬರೆಯುತ್ತಿದ್ದರು, ಅಷ್ಟೇ. ಒಳಗೆ ಬಿಡಬೇಕೋ ಬೇಡವೋ ಎನ್ನುವುದು ವಲಸೆ ಇಲಾಖೆಯ ತೀರ್ಮಾನ.

ಆ ಇಲಾಖೆಯ ಇನ್‌ಸ್ಪೆಕ್ಟರ್ ಕೂರುತ್ತಿದ್ದುದು ಹಾಲ್‌ನ ಆ ತುದಿಯಲ್ಲಿ, ಎದುರಿಗೆ ಹಡಗಿನ ಪ್ರಯಾಣಿಕರ ಪಟ್ಟಿ. ಪಟ್ಟಿಯ ಪ್ರಶ್ನೆಗಳಿಗೆ ಹಡಗು ಹತ್ತುವ ಬಂದರಿನಲ್ಲೇ ಉತ್ತರ ತುಂಬಿಸಿರುತ್ತಿದ್ದರು, ಇಲ್ಲಿ ದುಭಾಷಿಯ ಮೂಲಕ ತಾಳೆ ನೋಡುವುದು, ಸುಮಾರು ಎರಡು ನಿಮಿಷ. (ಅಧಿಕಾರಿಗಳು ಇಲ್ಲಿ ಹೆಸರು ಬದಲಿಸಿಬಿಟ್ಟರು ಅನ್ನುವ ಕಥೆ ನಂಬಬೇಡಿ, ಅವರು ಇದ್ದ ಪಟ್ಟಿಯನ್ನೇ ಓದುತ್ತಿದ್ದರು.)

ಜನ ಎಡವುತ್ತಿದ್ದುದು ‘ಕೆಲಸ ಸಿಕ್ಕಿದೆಯಾ?’ ಅನ್ನುವ ಪ್ರಶ್ನೆಗೆ. ಹೌದು ಎಂದರೆ ಒಳ್ಳೆಯದು ಅಂದುಕೊಂಡು ಹೌದು ಎನ್ನುತ್ತಿದ್ದರು. ಆದರೆ ಮೊದಲೇ ಕರಾರು ಮಾಡಿಕೊಂಡು ಕೂಲಿಗೆ ಬರುವುದನ್ನು 1885ರ ಕಾಯ್ದೆ ನಿಷೇಧಿಸಿತ್ತು. ಕೆಲಸವೂ ಇಲ್ಲ, ಕೈಯಲ್ಲಿ ಕಾಸೂ ಇಲ್ಲ ಎಂದರೆ ಇನ್ನೊಂದು ಕುಣಿಕೆ: ಸರ್ಕಾರಕ್ಕೆ ಹೊರೆಯಾಗುವವರು ಎಂಬ ಹಣೆಪಟ್ಟಿ. ಸರಿಯಾದ ಉತ್ತರ ಇವೆರಡರ ನಡುವೆ ಇತ್ತು: ಕರಾರಿಲ್ಲ, ದುಡಿಯುವ ಕೈಯಿದೆ, ಹೋಗಿ ಸೇರಲು ನೆಂಟರ ವಿಳಾಸವಿದೆ.

ತೃಪ್ತಿಯಾಗದಿದ್ದರೆ ವಿಶೇಷ ವಿಚಾರಣಾ ಮಂಡಳಿ: ಮೂವರು ಸದಸ್ಯರು, ಬಹುಮತದ ತೀರ್ಪು, ವಕೀಲರಿಗೆ ಪ್ರವೇಶವಿಲ್ಲ. ಮೇಲ್ಮನವಿ ವಾಷಿಂಗ್ಟನ್‌ಗೆ.

ಇಷ್ಟೆಲ್ಲ ಜರಡಿ ಹಿಡಿದೂ ವಾಪಸಾದವರು ನೂರಕ್ಕೆ ಸುಮಾರು ಇಬ್ಬರು. ಅಧಿಕಾರಿಗಳ ಕರುಣೆ ಅಂದುಕೊಳ್ಳಬೇಡಿ. ತಿರಸ್ಕೃತರನ್ನು ಹಡಗಿನ ಕಂಪನಿ ಸ್ವಂತ ಖರ್ಚಿನಲ್ಲಿ ವಾಪಸ್ ಒಯ್ಯಬೇಕಿತ್ತು. 1903ರಿಂದ, ಮೊದಲೇ ಪತ್ತೆಹಚ್ಚಬಹುದಾಗಿದ್ದ ಅಂಟುರೋಗಿಯನ್ನು ಕರೆತಂದರೆ 100 ಡಾಲರ್ ದಂಡ ಬೇರೆ. ಹಾಗಾಗಿ ಹ್ಯಾಂಬರ್ಗ್‌ನಂಥ ಬಂದರುಗಳಲ್ಲಿ ಕಂಪನಿಗಳೇ ರೋಗಿಗಳನ್ನು ಹೆಕ್ಕಿ ತೆಗೆದು, ಹಡಗು ಹತ್ತಿಸದೆ ಮನೆಗೆ ಕಳಿಸುತ್ತಿದ್ದವು. ಆ ಲೆಕ್ಕ ಈ ದ್ವೀಪದ ಕಡತಕ್ಕೆ ಬರುವುದೇ ಇಲ್ಲ.