ಅಂದಾಜು ಮೊದಲು, ಗಡಿಯಾರ ಆಮೇಲೆ

ಕೇಳುಗರಿಗೆ ನಮಸ್ಕಾರ.

"ಐದೇ ನಿಮಿಷ, ಬಂದೆ." ಕಲಬುರಗಿಯಲ್ಲಿ ಈ ಮಾತು ಕೇಳಿ ಯಾರೂ ಐದು ನಿಮಿಷ ಅಂದುಕೊಳ್ಳುವುದಿಲ್ಲ. ಸೂಪರ್ ಮಾರ್ಕೆಟ್ಟಿನಿಂದ ಒಬ್ಬರು ಹಾಗೆ ಫೋನ್ ಮಾಡಿದರೆ, ರಾಮಮಂದಿರ ಸರ್ಕಲ್ಲಿನಲ್ಲಿ ಕಾಯುತ್ತಿದ್ದವರು ಇನ್ನೊಂದು ಚಹಾ ಹೇಳುತ್ತಾರೆ. ಹೇಳಿದವರು ಸುಳ್ಳುಗಾರರಲ್ಲ. ತಲೆಯೊಳಗಿನ ಗಡಿಯಾರ ಐದು ಅಂದಿತು, ಅವರು ನಂಬಿದರು. ಇವತ್ತು ನಾನು ಹೇಳುವುದು ಒಂದೇ ಮಾತು. ಕೆಲಸಕ್ಕೆ ಮೊದಲು ಅಂದಾಜು ಬರೀರಿ, ಮುಗಿದ ಮೇಲೆ ಗಡಿಯಾರ ನೋಡ್ರಿ.

ತಲೆಯೊಳಗಿನ ಗಡಿಯಾರ ಎಷ್ಟು ದಾರಿ ತಪ್ಪಿಸುತ್ತದೆ ಎಂದು ತಿಳಿಯಲು ಒಬ್ಬರ ಕಥೆ ಕೇಳಬೇಕು. ಮಿಶೆಲ್ ಸಿಫ್ರ್, ಫ್ರಾನ್ಸಿನ ಭೂವಿಜ್ಞಾನಿ. 1962ರ ಜುಲೈ 16ರಂದು, 23ನೇ ವಯಸ್ಸಿನಲ್ಲಿ, ಆಲ್ಪ್ಸ್ ಪರ್ವತದ ಸ್ಕರಾಸೋನ್ ಎಂಬ ಗುಹೆಗೆ ಇಳಿದರು. ನೂರು ಮೀಟರಿಗೂ ಆಳ, ಹಿಮ, ಕತ್ತಲು. ಕೈಗಡಿಯಾರ ಬಿಟ್ಟೇ ಹೋಗಿದ್ದರು. ಜೊತೆಗೊಂದು ಡೇರೆ, ಒಂದು ದೀಪ, ಮೇಲಿನವರಿಗೆ ಮಾತಾಡಲು ಒಂದು ಫೋನು. ನಿಯಮ ಏನೆಂದರೆ, ಎದ್ದಾಗ, ಉಂಡಾಗ, ಮಲಗುವಾಗ ಇವರೇ ಫೋನ್ ಮಾಡಬೇಕು. ಮೇಲಿನವರು ತಾವಾಗಿ ಮಾಡಬಾರದು, ಹೊತ್ತೆಷ್ಟೆಂದು ಹೇಳಬಾರದು. ಪ್ರತಿ ಫೋನಿನಲ್ಲೂ ಇನ್ನೊಂದು ಪರೀಕ್ಷೆ: ಸೆಕೆಂಡಿಗೆ ಒಂದರಂತೆ 120ರ ತನಕ ಎಣಿಸಬೇಕು. ಎರಡು ನಿಮಿಷದ ಕೆಲಸ ಅಲ್ಲವೇ? ಒಮ್ಮೆ ಅವರು ಎಣಿಸಿ ಮುಗಿಸುವಷ್ಟರಲ್ಲಿ ಮೇಲೆ ಐದು ನಿಮಿಷ ಕಳೆದಿತ್ತು. ಸೆಪ್ಟೆಂಬರ್ 14ರಂದು "ಮುಗೀತು, ಹೊರಗೆ ಬನ್ನಿ" ಎಂದಾಗ ಅವರ ಲೆಕ್ಕದಲ್ಲಿ ಇನ್ನೂ ಆಗಸ್ಟ್ 20. ಅರವತ್ತು ದಿನದಲ್ಲಿ ಇಪ್ಪತ್ತೈದು ದಿನ ಮಾಯ!

ಆದರೆ ಅವರ ದೇಹ ಲೆಕ್ಕ ತಪ್ಪಿರಲಿಲ್ಲ. ಮಲಗಿ ಎದ್ದ ಚಕ್ರ ಸುಮಾರು 24 ತಾಸು 30 ನಿಮಿಷಕ್ಕೊಮ್ಮೆ ತಿರುಗಿತ್ತು. ಅಂದರೆ ನಿದ್ದೆಯ ಹೊತ್ತು ದೇಹಕ್ಕೆ ಗೊತ್ತು. ಇಪ್ಪತ್ತು ನಿಮಿಷ ಯಾವುದು, ಎರಡು ತಾಸು ಯಾವುದು ಎನ್ನುವುದು ಅದಕ್ಕೆ ಗೊತ್ತಿಲ್ಲ. ನೆನಪು ಹೊತ್ತನ್ನು ಅಳೆಯುವುದು ನಡುವೆ ಏನೇನು ನಡೆಯಿತು ಎಂಬುದರ ಮೇಲೆ. ಗುಹೆಯಲ್ಲಿ ಏನೂ ನಡೆಯಲಿಲ್ಲ, ಹಾಗಾಗಿ ದಿನಗಳು ಒಂದರೊಳಗೊಂದು ಮಡಚಿಕೊಂಡವು. ಮೊಬೈಲಿನಲ್ಲಿ ರೀಲ್ಸ್ ನೋಡುತ್ತಾ ಕೂತಾಗಲೂ ಹಾಗೇ. ನೂರು ನೋಡಿದ್ದರೂ ಎದ್ದ ಮೇಲೆ ನೆನಪಿನಲ್ಲಿ ಉಳಿದಿರುವುದು ಎರಡೋ ಮೂರೋ.

ಬಿಸಿಲು ನೋಡಿ ಹೊತ್ತು ಹೇಳುವ ಹಿರಿಯರು ಸಿಟ್ಟಾಗಬಾರದು. ನಿಮ್ಮ ಬಿಸಿಲು ಸರಿ, ಗಡಿಯಾರವೇ ಬೇರೆ. ದೇಶದ ಗಡಿಯಾರ ನಡೆಯುವುದು 82.5 ಡಿಗ್ರಿ ರೇಖಾಂಶಕ್ಕೆ. ನಾವು ಅದರ ಪಶ್ಚಿಮಕ್ಕೆ, ಒಂದು ಡಿಗ್ರಿಗೆ ನಾಲ್ಕು ನಿಮಿಷದ ವ್ಯತ್ಯಾಸ. ಕಲಬುರಗಿಯಲ್ಲಿ ಸೂರ್ಯ ನಡುನೆತ್ತಿಗೆ ಬರುವುದು ಸರಾಸರಿ 12 ಗಂಟೆ 23 ನಿಮಿಷಕ್ಕೆ, ಬೀದರಿನಲ್ಲಿ 12 ಗಂಟೆ 20ಕ್ಕೆ.

ಈಗ ಕೆಲಸಕ್ಕೆ ಬರೋಣ. ಯಾವ ಆ್ಯಪ್ ಒಳ್ಳೆಯದು ಎಂದು ಕೇಳಬೇಡಿ, ಒಂದು ನೋಟ್‌ಬುಕ್ ಸಾಕು. ಮೂರು ಕಾಲಂ ಎಳೆಯಿರಿ: ಕೆಲಸ, ಅಂದಾಜು, ನಿಜ. ದಿನಕ್ಕೆ ಐದು ಕೆಲಸ, ಎರಡು ವಾರ. ಹತ್ತು ಜೋಳದ ರೊಟ್ಟಿ ಎಂದು ಬರೆದಿರಿ, ಅಂದಾಜು 25 ನಿಮಿಷ. ಗಡಿಯಾರ ಏನನ್ನುತ್ತದೆ? ಎಸರು ಕುದಿಯಲು 5, ಹಿಟ್ಟು ನಾದಲು 10, ಬಡಿದು, ಹಂಚಿಗೆ ಹಾಕಿ, ಮೇಲೆ ನೀರು ಸವರಿ, ಮಗುಚಿ ಬೇಯಿಸಲು ರೊಟ್ಟಿಗೆ ಮೂರರಂತೆ 30, ಹಿಟ್ಟು ಚೆಲ್ಲಿದ್ದು ಒರೆಸಲು 5. ಒಟ್ಟು 50. ನೀವು ಅಂದಾಜು ಹಾಕಿದ್ದು ಬಡಿಯುವುದಕ್ಕೆ ಮಾತ್ರ. ಹಿಂದಿನದು, ಮುಂದಿನದು ಬಿಟ್ಟಿರಿ. ಎಲ್ಲರೂ ತಪ್ಪುವುದು ಇಲ್ಲೇ. ನಿಜವನ್ನು ಅಂದಾಜಿನಿಂದ ಭಾಗಿಸಿ: 50 ಭಾಗಿಸು 25, ಎರಡು. ನಾಳೆ ಬಾಯಿಗೆ ಬಂದ ಅಂದಾಜನ್ನು ಎರಡರಿಂದ ಗುಣಿಸಿ.

ಇದು ಓದದವರ ತೊಂದರೆ ಅಂದುಕೊಳ್ಳಬೇಡಿ. ಕೆನಡಾದಲ್ಲಿ ಪ್ರಬಂಧ ಬರೆಯುತ್ತಿದ್ದ ಪದವಿ ವಿದ್ಯಾರ್ಥಿಗಳನ್ನು ಕೇಳಿದಾಗ ಸರಾಸರಿ 34 ದಿನ ಸಾಕು ಅಂದರು. ಹಿಡಿದದ್ದು 55 ದಿನದ ಮೇಲೆ. ಆ ಅಧ್ಯಯನ ಪ್ರಕಟವಾದದ್ದು 1994ರಲ್ಲಿ.

ಎರಡು ಎಚ್ಚರ. ಕೆಲಸ ಮುಗಿದ ಮೇಲೆ ಅಂದಾಜು ಬರೆಯಬೇಡಿ, ಅದು ಅಂದಾಜಲ್ಲ, ನಾಟಕ. ಹೊತ್ತು ನೋಡಲು ಮೊಬೈಲ್ ತೆಗೆಯಬೇಡಿ, ತೆಗೆದರೆ ಹೊತ್ತು ಬಿಟ್ಟು ಬೇರೆಲ್ಲ ನೋಡುತ್ತೀರಿ. ಗೋಡೆ ಗಡಿಯಾರ ಇರಲಿ.

ಊರಿಗೆ ಹೊರಡುವಾಗ ಲೆಕ್ಕ ಹಿಂದಿನಿಂದ ಹಾಕಿ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಭಾಗದ ಸರ್ಕಾರಿ ಕಚೇರಿ ಮುಂಜಾನೆ 8ರಿಂದ 1.30ರ ತನಕ. ಆಳಂದದವರು 11ಕ್ಕೆ ಕಲಬುರಗಿಯ ಕೌಂಟರ್ ಮುಂದೆ ಇರಬೇಕು ಅನ್ನಿ. ಆಟೊ 20 ನಿಮಿಷ, ಬಸ್ಸು ಒಂದೂಕಾಲು ತಾಸು, ಬಸ್ಸಿಗೆ ಕಾಯಲು 20, ಸ್ಟ್ಯಾಂಡಿಗೆ ನಡೆಯಲು 10, ಪಹಣಿ, ಆಧಾರ್ ಜೆರಾಕ್ಸ್ ಹುಡುಕಲು 15. ಏಳಬೇಕಾದ್ದು 8.40ಕ್ಕೆ. "ಒಂದು ತಾಸಿನ ದಾರಿ" ಎಂದು 11.30ಕ್ಕೆ ಏಳುವವರು ಮುಚ್ಚಿದ ಬಾಗಿಲು ನೋಡಿ ಸರ್ಕಾರವನ್ನು ಬೈಯುತ್ತಾರೆ.

ಮಕ್ಕಳ ಬಗ್ಗೆ ಬಹಳ ಹೇಳುವುದಿತ್ತು, ನನಗೆ ಕೊಟ್ಟ ಹೊತ್ತನ್ನು ಗುಹೆಯೇ ತಿಂದಿತು. ನಾಲ್ಕು ವರ್ಷದ ಕೂಸಿಗೆ ಕಳೆದದ್ದೆಲ್ಲ "ನಿನ್ನೆ"; ಬೈಯಬೇಡಿ. "ಬೇಗ ಮಾಡು" ಅನ್ನುವ ಬದಲು "ದೊಡ್ಡ ಮುಳ್ಳು ಆರಕ್ಕೆ ಬರೋದ್ರೊಳಗೆ" ಅನ್ನಿ. ಶಾಲೆಗೆ ಹೋಗುವವರಿಗೆ ಆಟ: ಕಣ್ಣು ಮುಚ್ಚಿ, ಒಂದು ನಿಮಿಷ ಆಯಿತು ಅನಿಸಿದಾಗ ಕೈ ಎತ್ತಬೇಕು. ಎತ್ತಿದ ಕೂಡಲೇ ನಿಜವಾದ ಸೆಕೆಂಡು ಹೇಳಿ. ಹೇಳದಿದ್ದರೆ ಆಟಕ್ಕೆ ಅರ್ಥವಿಲ್ಲ.

ಪರೀಕ್ಷೆಗೆ ಕೂರುವವರಿಗೆ: 80 ಅಂಕಕ್ಕೆ ಬರೆಯಲು ಮೂರು ತಾಸು ಇದ್ದರೆ ಅಂಕಕ್ಕೆ ಎರಡು ನಿಮಿಷ, ಉಳಿದ 20 ನಿಮಿಷ ತಿದ್ದಲು. ನಾಲ್ಕು ಅಂಕದ ಪ್ರಶ್ನೆ ಎಂಟು ನಿಮಿಷ ದಾಟಿತೇ, ಅರ್ಧ ಪುಟ ಜಾಗ ಬಿಟ್ಟು ಮುಂದಿನದಕ್ಕೆ ಹೋಗಿ. ಮನೆಯಲ್ಲಿ ಹಳೆಯ ಪತ್ರಿಕೆ ಬಿಡಿಸುವಾಗ ಪ್ರತಿ ಪ್ರಶ್ನೆಯ ಪಕ್ಕ ಪೆನ್ಸಿಲಿನಲ್ಲಿ ಅಂದಾಜು ಬರೀರಿ, ಬರೆದಾದ ಮೇಲೆ ಗಡಿಯಾರ ನೋಡ್ರಿ. ನಮಸ್ಕಾರ.