ಸುದ್ದಿಮನೆಯ ಸದ್ದು

ಕೇಳುಗರೇ, ಟಿವಿ ಧಾರಾವಾಹಿಯಲ್ಲಿ ಪತ್ರಿಕಾಗೋಷ್ಠಿಯ ದೃಶ್ಯ ಬಂದಾಗ ಒಮ್ಮೆ ಕಣ್ಣು ಮುಚ್ಚಿ ಕೇಳಿ. ಮಂತ್ರಿಯೋ ಪೊಲೀಸ್ ಅಧಿಕಾರಿಯೋ ಹೊರಗೆ ಕಾಲಿಟ್ಟರೆ ಸಾಕು, ಕ್ಯಾಮೆರಾಗಳು ಚಟಚಟ ಅನ್ನತೊಡಗುತ್ತವೆ. ಈಗಿನ ಎಷ್ಟೋ ಕ್ಯಾಮೆರಾಗಳಲ್ಲಿ ಸದ್ದೇ ಇಲ್ಲದೆ ಫೋಟೋ ತೆಗೆಯಬಹುದು. ಧಾರಾವಾಹಿಯವರು ಮಾತ್ರ ಆ ಸದ್ದನ್ನು ಬಿಟ್ಟುಕೊಟ್ಟಿಲ್ಲ. ಚಿತ್ರೀಕರಣ ಮುಗಿದ ಮೇಲೆ ಬೇಕಂತಲೇ ಸೇರಿಸುತ್ತಾರೆ. ಪತ್ರಕರ್ತರು ಬಂದರು ಅಂತ ನಮಗೆ ತಿಳಿಸುವುದಕ್ಕೆ ಅಷ್ಟು ಸಾಕು.

ಬಾನುಲಿಯವರಿಗೂ ಇದು ಹೊಸದಲ್ಲ. ಹಿಂದೆ ಸುದ್ದಿಸಂಸ್ಥೆಗಳ ಸುದ್ದಿ ಟೆಲಿಪ್ರಿಂಟರಿನಲ್ಲಿ ಬರುತ್ತಿತ್ತು. ಯಂತ್ರ ಟಕಟಕ ಅಂತ ಕಾಗದದ ಮೇಲೆ ಅಕ್ಷರ ಕುಟ್ಟುತ್ತಿತ್ತು. ದೊಡ್ಡ ಸುದ್ದಿಯಾದರೆ ಅದರ ಗಂಟೆ ಮತ್ತೆ ಮತ್ತೆ ಬಾರಿಸುತ್ತಿತ್ತು. ನ್ಯೂಯಾರ್ಕಿನ 1010 ವಿನ್ಸ್ ಎಂಬ ಬಾನುಲಿ ಕೇಂದ್ರ 1965ರಲ್ಲಿ ಪೂರ್ತಿ ಸುದ್ದಿಗೇ ಮೀಸಲಾಯಿತು. ಆ ಯಂತ್ರಗಳು ಮೂಲೆ ಸೇರಿ ಎಷ್ಟೋ ವರ್ಷಗಳಾದ ಮೇಲೂ ಅಲ್ಲಿ ಓದುವವರ ದನಿಯ ಹಿಂದೆ ಅದೇ ಟಕಟಕ ಕೇಳುತ್ತಿತ್ತು. ಈಗಷ್ಟೇ ಬಿಸಿಬಿಸಿಯಾಗಿ ಬಂದ ಸುದ್ದಿ ಇದು ಅಂತ ಕಿವಿಗೆ ಅನ್ನಿಸಬೇಕಲ್ವಾ, ಅದಕ್ಕೆ.

ಇನ್ನು ಕ್ಯಾಮೆರಾ ಎಲ್ಲಿ ನಿಂತಿದೆ ನೋಡಿ. ಕಥೆ ಪೊಲೀಸರದ್ದೋ ರಾಜಕಾರಣಿಯದ್ದೋ ಆಗಿದ್ದರೆ ಪತ್ರಕರ್ತರನ್ನು ನಾವು ಎದುರಿನಿಂದ ನೋಡುತ್ತೇವೆ. ನುಗ್ಗಿ ಬರುವ ಮೈಕುಗಳು, ಕಣ್ಣು ಕುಕ್ಕುವ ಫ್ಲ್ಯಾಶ್, ಒಬ್ಬರ ದನಿಯ ಮೇಲೆ ಇನ್ನೊಬ್ಬರ ದನಿ. ಯಾರದೂ ಮುಖ ನೆನಪಿನಲ್ಲಿ ಉಳಿಯುವುದಿಲ್ಲ. ಪತ್ರಕರ್ತರೇ ನಾಯಕರಾದರೆ ಕ್ಯಾಮೆರಾ ಸುದ್ದಿಮನೆಯ ಒಳಗೆ ಬಂದು ಅವರ ಜೊತೆ ನಡೆಯುತ್ತದೆ. ಗಾಜಿನ ಗೋಡೆಗಳು, ಸಾಲು ಸಾಲು ಪರದೆಗಳು, ನಡೆಯುತ್ತಲೇ ಮಾತು. ಯಾರೂ ಕೂತು ಯೋಚಿಸುವ ಹಾಗೇ ಇಲ್ಲ.

ನನಗೆ ಮುಖ್ಯ ಅನ್ನಿಸುವುದು ಹಿನ್ನೆಲೆ ಸಂಗೀತ. ಯಾವ ಸುದ್ದಿ ನಿಜ, ಯಾವ ವರದಿಗಾರ ಪ್ರಾಮಾಣಿಕ ಅನ್ನುವುದನ್ನು ನಮಗಿಂತ ಮೊದಲೇ ಅದು ತೀರ್ಮಾನ ಮಾಡಿಬಿಡುತ್ತದೆ. ಎಚ್‌ಬಿಒ ವಾಹಿನಿಯ ಎರಡು ಧಾರಾವಾಹಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಇದು ಚೆನ್ನಾಗಿ ಗೊತ್ತಾಗುತ್ತದೆ.

ಮೊದಲನೆಯದು 2012ರಲ್ಲಿ ಶುರುವಾದ 'ದಿ ನ್ಯೂಸ್‌ರೂಮ್'. ಅದರ ನಾಲ್ಕನೇ ಕಂತಿನಲ್ಲಿ ಒಂದು ನಿಜ ಘಟನೆ ಬರುತ್ತದೆ. 2011ರ ಜನವರಿ 8ರಂದು ಅಮೆರಿಕದ ಅರಿಜೋನಾದಲ್ಲಿ ಸಂಸದೆ ಗ್ಯಾಬ್ರಿಯೆಲ್ ಗಿಫರ್ಡ್ಸ್ ಅವರ ಮೇಲೆ ಗುಂಡಿನ ದಾಳಿ ಆಯಿತು. ಅವರು ತೀರಿಕೊಂಡರು ಅಂತ ಹಲವು ದೊಡ್ಡ ಸುದ್ದಿಸಂಸ್ಥೆಗಳು ಹೇಳಿಬಿಟ್ಟವು. ಅದು ತಪ್ಪಾಗಿತ್ತು, ಅವರು ಬದುಕುಳಿದರು. ಧಾರಾವಾಹಿಯ ಕಥೆಯೊಳಗಿನ ಸುದ್ದಿವಾಹಿನಿ ಮಾತ್ರ ಆ ಸಾವಿನ ಸುದ್ದಿಯನ್ನು ಹೇಳದೆ ಕಾಯುತ್ತದೆ. ಬೇರೆಯವರೆಲ್ಲ ಹೇಳಿ ಆಯ್ತು, ನೀವೂ ಹೇಳಿ ಅಂತ ಮೇಲಿನವರ ಒತ್ತಡ. ನಿರೂಪಕ ಬಾಯಿ ಬಿಡುವುದಿಲ್ಲ.

ಸುದ್ದಿ ಕೊಡದೆ ತಡೆದು ನಿಲ್ಲುವುದನ್ನೇ ಸಾಹಸವಾಗಿ ತೋರಿಸಿದರಲ್ಲ, ಅದು ನನಗೆ ನಿಜಕ್ಕೂ ಇಷ್ಟವಾಯಿತು. ಆದರೆ ಆ ದೃಶ್ಯದ ತುಂಬ ಕೋಲ್ಡ್‌ಪ್ಲೇ ತಂಡದ ಹಾಡೊಂದು ಏರುತ್ತಾ ಹೋಗುತ್ತದೆ. ಹಾಡು ಏರಿದ ಹಾಗೆ ನಮ್ಮ ಎದೆಯೂ ಉಬ್ಬುತ್ತದೆ. ಇವರು ಗೆಲ್ಲುತ್ತಾರೆ ಅಂತ ನಮಗೆ ಆಗಲೇ ಗೊತ್ತಾಗಿಬಿಡುತ್ತದೆ. ನಿಜವಾದ ಸುದ್ದಿಮನೆಯಲ್ಲಿ ಕಾಯುವವರಿಗೆ ಅದು ಗೊತ್ತಿರುವುದಿಲ್ಲ. ಹೇಳದೆ ಇದ್ದದ್ದೇ ತಪ್ಪಾಗಿಬಿಟ್ಟರೆ ಅನ್ನುವ ಅಳುಕು ಅವರ ಹೊಟ್ಟೆಯಲ್ಲಿ ಇರುತ್ತದೆ. ಆ ಅಳುಕನ್ನು ಹಾಡು ನುಂಗಿಹಾಕಿತು.

ಎರಡನೆಯದು 'ದಿ ವೈರ್'. 2008ರಲ್ಲಿ ಬಂದ ಅದರ ಕೊನೆಯ ಸೀಸನ್‌ನಲ್ಲಿ ಬಾಲ್ಟಿಮೋರ್ ಸನ್ ಪತ್ರಿಕೆಯ ಸುದ್ದಿಮನೆ ಬರುತ್ತದೆ. ಧಾರಾವಾಹಿಯನ್ನು ಕಟ್ಟಿದ ಡೇವಿಡ್ ಸೈಮನ್ ಹತ್ತು ವರ್ಷಕ್ಕೂ ಜಾಸ್ತಿ ಅದೇ ಪತ್ರಿಕೆಯ ವರದಿಗಾರರಾಗಿದ್ದವರು. ಇಲ್ಲಿ ಅಪರೂಪದ ಕೆಲವು ಕಡೆ ಬಿಟ್ಟರೆ ಹಿನ್ನೆಲೆ ಸಂಗೀತವೇ ಇಲ್ಲ. ಹಾಡು ಕೇಳಿಸಿದರೆ ಅದು ಕಾರಿನ ರೇಡಿಯೋದಿಂದಲೋ ಅಂಗಡಿಯಿಂದಲೋ ಬಂದಿರಬೇಕು.

ಟೆಂಪಲ್ಟನ್ ಎಂಬ ವರದಿಗಾರ ಗಾಲಿಕುರ್ಚಿಯಲ್ಲಿ ಕೂತ ಒಬ್ಬ ಹುಡುಗನ ಕಥೆ ಬರೆದುಕೊಂಡು ಬರುತ್ತಾನೆ. ಬೇಸ್‌ಬಾಲ್ ಪಂದ್ಯ ನೋಡುವ ಆಸೆಯಿಂದ ಬಂದ ಹುಡುಗ, ಓದಿದರೆ ಮನಸ್ಸು ಕರಗಬೇಕು. ಆದರೆ ಹುಡುಗನ ಪೂರ್ತಿ ಹೆಸರಿಲ್ಲ. ಫೋಟೋ ಇಲ್ಲ. ಸಂಪಾದಕ ಗಸ್‌ಗೆ ಅನುಮಾನ. ಬೇರೆ ಧಾರಾವಾಹಿಯಾಗಿದ್ದರೆ ಇಲ್ಲೊಂದು ತಂತಿವಾದ್ಯ ಕುಯ್ಯನೆ ಎದ್ದು, ಇವನನ್ನು ನಂಬಬೇಡಿ ಅಂದಿರುತ್ತಿತ್ತು. ಇಲ್ಲಿ ಅಂಥ ಸೂಚನೆ ಯಾವುದೂ ಇಲ್ಲ. ಸುಮ್ನೆ ಕೂತು ಅವನ ಮಾತು ಕೇಳಬೇಕು, ಗಸ್‌ನ ಹಾಗೆ ನಾವೇ ತೂಗಿ ನೋಡಬೇಕು. ಸುಳ್ಳು ವರದಿ ಎಷ್ಟು ಸಲೀಸಾಗಿ ಮುದ್ರಣಕ್ಕೆ ಹೋಗಿಬಿಡುತ್ತದೆ ಅನ್ನುವ ಭಯ ಆಗ ಹುಟ್ಟುತ್ತದೆ.

ಇದೇ ಗಸ್ ಒಂದು ರಾತ್ರಿ ನಿದ್ದೆಯಿಂದ ಎದ್ದು ಕೂರುತ್ತಾನೆ. ವರದಿಯಲ್ಲಿ ಎರಡು ಅಂಕಿಗಳನ್ನು ಅದಲುಬದಲು ಮಾಡಿಬಿಟ್ಟೆನೇನೋ ಅಂತ ಅನುಮಾನ. ಕಚೇರಿಗೆ ಫೋನ್ ಮಾಡಿ ವಿಚಾರಿಸುತ್ತಾನೆ. ಸರಿಯಾಗಿಯೇ ಇದೆ ಅಂತ ಉತ್ತರ ಬರುತ್ತದೆ. ಅಷ್ಟೇ ದೃಶ್ಯ. ಓಟವಿಲ್ಲ, ಕೂಗಾಟವಿಲ್ಲ. ಪತ್ರಕರ್ತನ ಕೆಲಸವನ್ನು ಇಷ್ಟು ಹತ್ತಿರದಿಂದ ತೋರಿಸಿದ ದೃಶ್ಯಗಳು ನನ್ನ ಮಟ್ಟಿಗೆ ಬಹಳ ಕಡಿಮೆ.

ವೇಗ ತೋರಿಸುವುದು ಸುಲಭ, ಖಚಿತಪಡಿಸಿಕೊಳ್ಳುವುದನ್ನು ತೋರಿಸುವುದು ಕಷ್ಟ. ಕಡತ ತಿರುವಿಹಾಕುವುದು, ಯಾರೂ ಎತ್ತದ ಫೋನಿಗೆ ಮತ್ತೆ ಕರೆ ಮಾಡುವುದು, ಹೇಳಿದವರಿಗೆ ಅವರದೇ ಮಾತನ್ನು ಓದಿ ಹೇಳಿ ಸರಿಯಾ ಅಂತ ಕೇಳುವುದು, ಇವಕ್ಕೆಲ್ಲ ಡೋಲು ಹೊಂದುವುದಿಲ್ಲ. ಸಂಕಲನಕಾರರು ಮೊದಲು ಕತ್ತರಿಸುವುದೂ ಇಂಥವನ್ನೇ. ಧಾರಾವಾಹಿ ಮಾಡುವವರಲ್ಲಿ ನನ್ನದೊಂದು ಕೋರಿಕೆ ಇದೆ. ಆ ಫೋನ್ ಕರೆಯನ್ನು ಒಮ್ಮೆ ಪೂರ್ತಿ ತೋರಿಸಿ. ಆ ಕಡೆಯವರು ಉತ್ತರ ಕೊಡುವ ಮುಂಚೆ ತಡವರಿಸುತ್ತಾರಲ್ಲ, ಅಲ್ಲಿ ಸಂಗೀತ ಹಾಕಬೇಡಿ. ಪಾತ್ರಧಾರಿ ಚೆನ್ನಾಗಿ ಮಾಡಿದರೆ ನಾವು ಕೂತು ನೋಡುತ್ತೇವೆ.

ನಮಸ್ಕಾರ.