ಗಾಯ ಮಾಯುವ ದಿನಗಳಲ್ಲಿ ಕೃತಜ್ಞತೆಯ ಪಾತ್ರ

ಎಲ್ಲರಿಗೂ ನಮಸ್ಕಾರ.

ಮನಸ್ಸಿನ ಒತ್ತಡ ಗಾಯ ಮಾಯುವುದನ್ನು ನಿಧಾನಗೊಳಿಸುತ್ತದೆ ಎಂಬುದನ್ನು ಅಳೆದು ತೋರಿಸಿದವರು ಅಮೆರಿಕದ ಮನೋವಿಜ್ಞಾನಿ ಜಾನಿಸ್ ಕೀಕೋಲ್ಟ್-ಗ್ಲೇಸರ್ ಮತ್ತು ಅವರ ತಂಡ. 1995ರ ಅಧ್ಯಯನ ಅದು. ಮರೆವಿನ ಕಾಯಿಲೆಯ ಬಂಧುಗಳನ್ನು ನೋಡಿಕೊಳ್ಳುತ್ತಿದ್ದ 13 ಮಹಿಳೆಯರು ಒಂದು ಕಡೆ, ಆ ಹೊರೆ ಇಲ್ಲದ 13 ಮಹಿಳೆಯರು ಇನ್ನೊಂದು ಕಡೆ. ಎಲ್ಲರ ತೋಳಿನಲ್ಲೂ 3.5 ಮಿಲಿಮೀಟರ್‌ನ ಒಂದೇ ಅಳತೆಯ ಗಾಯ ಮಾಡಿ ಕಾದರು. ಆರೈಕೆಯ ಹೊರೆ ಹೊತ್ತವರ ಗಾಯ ಮಾಯಲು ಸರಾಸರಿ 9 ದಿನ ಹೆಚ್ಚು ಹಿಡಿಯಿತು.

ಕಾರಣ ಹೀಗಿದೆ. ಗಾಯವಾದ ಮೊದಲ ದಿನಗಳಲ್ಲಿ ಬಿಳಿ ರಕ್ತಕಣಗಳು ಅಲ್ಲಿಗೆ ಬಂದು ಸತ್ತ ಕೋಶಗಳನ್ನೂ ಸೂಕ್ಷ್ಮಾಣುಗಳನ್ನೂ ತೆಗೆಯಬೇಕು. ಅವನ್ನು ಕರೆಯುವ ರಾಸಾಯನಿಕ ಸಂಕೇತಗಳನ್ನು ಕಾರ್ಟಿಸೋಲ್ ಎಂಬ ಒತ್ತಡದ ಹಾರ್ಮೋನು ತಗ್ಗಿಸುತ್ತದೆ. ಒತ್ತಡದಿಂದ ಕಾರ್ಟಿಸೋಲ್ ಏರಿಯೇ ಉಳಿದರೆ ಈ ಸ್ವಚ್ಛತೆಯ ಕೆಲಸ ತಡವಾಗುತ್ತದೆ, ಅದರ ಹಿಂದೆಯೇ ಹೊಸ ಚರ್ಮ ಕಟ್ಟುವುದೂ ತಡವಾಗುತ್ತದೆ.

ಕೃತಜ್ಞತೆ ಇಲ್ಲಿ ನೆರವಾಗಬಹುದಾದದ್ದು ಮುಖ್ಯವಾಗಿ ನಿದ್ದೆಯ ದಾರಿಯಿಂದ: ನಿದ್ದೆ ಚೆನ್ನಾದರೆ ಒತ್ತಡ ತಗ್ಗುತ್ತದೆ. ಮನೋವಿಜ್ಞಾನಿಗಳಾದ ಎಮನ್ಸ್ ಮತ್ತು ಮೆಕಲಫ್ 2003ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲೊಂದು ನರ-ಸ್ನಾಯು ಕಾಯಿಲೆ ಇದ್ದವರ ಮೇಲೆ ನಡೆಯಿತು. ಕೃತಜ್ಞತೆಯ ಸಂಗತಿಗಳನ್ನು 21 ದಿನ ಬರೆದವರು ಹೆಚ್ಚು ಹೊತ್ತು ನಿದ್ದೆ ಮಾಡಿದ್ದಾಗಿ, ಎದ್ದಾಗ ಹಗುರವೆನಿಸಿದ್ದಾಗಿ ಹೇಳಿದರು. ಇದಕ್ಕಿಂತ ದೊಡ್ಡ ಮಾತು ಆಡುವವರನ್ನು ನಂಬಬೇಡಿ. ಹೃದಯದ ಗಂಭೀರ ತೊಂದರೆಯಿಂದ ಆಸ್ಪತ್ರೆಗೆ ದಾಖಲಾದ 164 ಜನರನ್ನು ಗಮನಿಸಿದ 2016ರ ಅಧ್ಯಯನದಲ್ಲಿ, ಮತ್ತೆ ಆಸ್ಪತ್ರೆ ಸೇರುವ ಸಾಧ್ಯತೆ ಕಡಿಮೆ ಇದ್ದದ್ದು ಆಶಾವಾದಿಗಳಲ್ಲಿ. ಕೃತಜ್ಞತೆಗೆ ಅಂಥ ನಂಟು ಕಾಣಲಿಲ್ಲ.

ಇನ್ನು ಮಾಡುವ ಬಗೆ. ಮಲಗುವ ಅರ್ಧ ಗಂಟೆ ಮೊದಲು ಮೂರು ಸಂಗತಿ ಬರೆಯಿರಿ. ಒಂದೊಂದಕ್ಕೂ ಎರಡು ಸಾಲು: ಏನಾಯಿತು, ಅದು ಯಾರಿಂದ ಅಥವಾ ಹೇಗೆ ಆಯಿತು. ಈ ಎರಡನೇ ಸಾಲನ್ನು ಬಿಡಲೇಬೇಡಿ. ‘ಎಲ್ಲರೂ ಚೆನ್ನಾಗಿ ನೋಡಿಕೊಳ್ಳುತ್ತಿದ್ದಾರೆ’ ಎಂದು ಬರೆದರೆ ನಾಲ್ಕನೇ ದಿನಕ್ಕೆ ಬರೆಯಲು ಏನೂ ಉಳಿಯುವುದಿಲ್ಲ. ಮಂಡಿ ಬದಲಿ ಶಸ್ತ್ರಚಿಕಿತ್ಸೆ ಆದವರು ಹೀಗೆ ಬರೆಯಬಹುದು: ‘ನರ್ಸ್ ಮಂಡಿಯ ಕೆಳಗಿದ್ದ ದಿಂಬು ತೆಗೆದು ಹಿಮ್ಮಡಿಯ ಕೆಳಗಿಟ್ಟರು. ಮಂಡಿ ಮಡಿಚಿದ ಹಾಗೇ ಬಿಗಿದುಕೊಂಡರೆ ಆಮೇಲೆ ಕಾಲು ನೇರವಾಗುವುದಿಲ್ಲ ಎಂದು ಬಿಡಿಸಿ ಹೇಳಿದರು.’ ಹೀಗೆ ಕಾರಣ ಸಮೇತ ಬರೆದವರು ಮರುದಿನ ದಿಂಬನ್ನು ತಾವೇ ಸರಿಯಾಗಿ ಇಟ್ಟುಕೊಳ್ಳುತ್ತಾರೆ. ನನಗೆ ಈ ಅಭ್ಯಾಸದಲ್ಲಿ ಅತ್ಯಂತ ಬೆಲೆಯುಳ್ಳದ್ದು ಇದೇ ಅನಿಸುತ್ತದೆ. ಮೂರರಲ್ಲಿ ಒಂದು ನಿಮ್ಮ ಮೈಗೇ ಸೇರಲಿ: ನಿನ್ನೆ ವಾಕರ್ ಹಿಡಿದು ಬಾಗಿಲವರೆಗೆ ಹೋಗುವಾಗ ಎರಡು ಸಲ ನಿಂತೆ, ಇವತ್ತು ಒಂದೇ ಸಲ.

ಮೊದಲ ಎರಡು ಮೂರು ವಾರ ದಿನವೂ ಬರೆಯಿರಿ. ಬರೆದದ್ದನ್ನೇ ಬರೆಯುತ್ತಿದ್ದೀರಿ ಅನ್ನಿಸಿದರೆ ವಾರಕ್ಕೊಮ್ಮೆ ಸಾಕು. ಕೈ ಆಡದವರು ಬಾಯಲ್ಲಿ ಹೇಳಲಿ, ಇನ್ನೊಬ್ಬರು ಬರೆದುಕೊಳ್ಳಲಿ.

ಕೆಡುವುದು ಎಲ್ಲಿ? ಹೆಚ್ಚಾಗಿ ಸುತ್ತ ಇರುವವರ ಬಾಯಲ್ಲಿ. ‘ಇಷ್ಟರಲ್ಲೇ ಹೋಯಿತಲ್ಲ, ಸಂತೋಷಪಡು’ ಎಂದು ಹೇಳಿಸಿಕೊಂಡವರು ನೋವನ್ನು ನುಂಗಿಕೊಳ್ಳುತ್ತಾರೆ. ಹೊಟ್ಟೆ ಅಥವಾ ಎದೆಯ ಶಸ್ತ್ರಚಿಕಿತ್ಸೆಯ ನಂತರ ಇದು ಅಪಾಯ. ನೋವಿಗೆ ಹೆದರಿ ಆಳವಾಗಿ ಉಸಿರೆಳೆಯದೆ, ಕೆಮ್ಮದೆ, ಎದ್ದು ನಡೆಯದೆ ಇದ್ದರೆ ಶ್ವಾಸಕೋಶದಲ್ಲಿ ಕಫ ನಿಂತು ನ್ಯುಮೋನಿಯಾಗೆ ದಾರಿಯಾಗುತ್ತದೆ. ಅದಕ್ಕೇ ಪುಟದ ತಲೆಯಲ್ಲಿ ಮೊದಲು ನೋವಿನ ಅಂಕಿ ಬರೆಯಿರಿ, 0ಯಿಂದ 10ರೊಳಗೆ (0 ಎಂದರೆ ನೋವೇ ಇಲ್ಲ, 10 ಎಂದರೆ ತಡೆಯಲಾರದಷ್ಟು), ಅದನ್ನು ವೈದ್ಯರಿಗೆ ತೋರಿಸಿ. ಗಾಯದ ಸುತ್ತ ಕೆಂಪು ಹರಡುತ್ತಿದ್ದರೆ, ಕೀವು ಕಂಡರೆ, ಜ್ವರ ಬಂದರೆ, ಒಂದೇ ಮೀನಖಂಡ ಊದಿಕೊಂಡು ನೋಯುತ್ತಿದ್ದರೆ ಪುಸ್ತಕ ಬದಿಗಿಟ್ಟು ತಕ್ಷಣ ಆಸ್ಪತ್ರೆಗೆ ತಿಳಿಸಿ.

ಇನ್ನೊಂದು ತೊಡಕು, ಋಣಭಾರ. ‘ನನ್ನಿಂದ ಎಲ್ಲರಿಗೂ ತೊಂದರೆ’ ಎಂಬ ಸಾಲು ಪುಟದಲ್ಲಿ ಮತ್ತೆ ಮತ್ತೆ ಕಾಣಿಸಿದರೆ ಅದು ಕೃತಜ್ಞತೆಯಲ್ಲ, ಕುಗ್ಗುವಿಕೆ. ಎರಡು ವಾರ ಹೀಗೇ ಇದ್ದು, ಊಟ ನಿದ್ದೆ ಬೇಡವಾಗಿ, ಯಾವುದರಲ್ಲೂ ಆಸಕ್ತಿ ಇಲ್ಲವಾದರೆ ಖಿನ್ನತೆ ಇರಬಹುದು. ಆಗ ಬರೆಯಲು ಒತ್ತಾಯಿಸಬೇಡಿ; ಮುಂದಿನ ತಪಾಸಣೆಯವರೆಗೆ ಕಾಯದೆ ವೈದ್ಯರಿಗೆ ತೋರಿಸಿ.